ಊರಿನವರೇ ಆಡುವ ದೊಡ್ಡ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಹೈಸ್ಕೂಲ್ ಮೇಷ್ಟ್ರು. ಹನ್ನೆರಡು ವರ್ಷದಿಂದ ಊರಿನವರನ್ನು ಸೇರಿಸಿಕೊಂಡು ಗ್ರೀಕ್, ಸಂಸ್ಕೃತ, ಶೇಕ್ಸ್‌ಪಿಯರ್ ನಾಟಕಗಳನ್ನು ಆಡಿಸುತ್ತಿದ್ದೇನೆ. ನಟನೆಯಿಂದ ಹೊಟ್ಟೆ ಹೊರೆಯುವವರು ನಮ್ಮ ತಂಡದಲ್ಲಿ ಒಬ್ಬರೂ ಇಲ್ಲ. ಬೇರೆ ಊರುಗಳಿಂದ ಫೋನ್ ಮಾಡಿ ವಿಚಾರಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆದ್ದರಿಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಪ್ರಶ್ನೆ: ಗ್ರೀಕ್ ನಾಟಕ, ಶೇಕ್ಸ್‌ಪಿಯರ್ ಎಲ್ಲ ಓದಿದವರಿಗೆ. ನಮ್ಮೂರಿನವರಿಗೆ ಅದು ಯಾಕೆ?

ಹೀಗೆ ಕೇಳುವವರು ಸಾಮಾನ್ಯವಾಗಿ ಓದಿದವರೇ. ಮಂಡ್ಯ, ತುಮಕೂರು, ಹಾಸನದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಹೇಗೆ ನಡೆಯುತ್ತದೆ ಎಂದು ಒಮ್ಮೆ ಹೋಗಿ ನೋಡಿ. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಸುತ್ತಾರೆ. ಹಗಲೆಲ್ಲ ಕಬ್ಬು ಕಡಿದವರು ರಾತ್ರಿ ಕಂದಪದ್ಯ ಹಾಡುತ್ತಾರೆ. ಆ ಪದ್ಯಗಳ ಕನ್ನಡ ಅವರು ಮನೆಯಲ್ಲಿ ಆಡುವ ಕನ್ನಡವಲ್ಲ. ಆದರೂ ನಾಲಿಗೆಗೆ ಬಂದಿದೆ, ಅರ್ಥವೂ ಗೊತ್ತಿದೆ. ರಾತ್ರಿ ಶುರುವಾದ ನಾಟಕ ಬೆಳಕು ಹರಿಯುವವರೆಗೂ ನಡೆಯುತ್ತದೆ, ಜನ ಕಂಬಳಿ ಹೊದ್ದುಕೊಂಡು ಕೂತಿರುತ್ತಾರೆ. ದುರ್ಯೋಧನನ ಛಲವನ್ನು ಅಷ್ಟು ಹತ್ತಿರದಿಂದ ಬಲ್ಲವರಿಗೆ ಗ್ರೀಕ್ ನಾಟಕ ‘ಅಂತಿಗೊನೆ’ಯಲ್ಲಿ ಬರುವ ಥೀಬ್ಸ್‌ನ ದೊರೆ ಕ್ರಿಯೋನನ ಛಲ ತಿಳಿಯುವುದಿಲ್ಲ ಎನ್ನಲು ನಮಗೇನು ಹಕ್ಕು?

ಇನ್ನೊಂದು ಮಾತು. ಗ್ರೀಕ್ ನಾಟಕ ಹುಟ್ಟಿದ್ದೇ ಊರಿನವರ ಕೈಯಲ್ಲಿ. ಕ್ರಿಸ್ತಪೂರ್ವ ಐದನೇ ಶತಮಾನದ ಅಥೆನ್ಸ್‌ನಲ್ಲಿ ಡಯೊನೈಸಸ್ ದೇವರ ಹಬ್ಬಕ್ಕೆ ನಾಟಕ ಆಡುವಾಗ ಮೇಳದಲ್ಲಿ ಹಾಡಿ ಕುಣಿಯುತ್ತಿದ್ದವರು ಆ ಊರಿನ ನಾಗರಿಕರು. ‘ಅಂತಿಗೊನೆ’ ಬರೆದ ನಾಟಕಕಾರ ಸೊಫೊಕ್ಲಿಸ್‌ನ ಕಾಲಕ್ಕೆ ಮೇಳದಲ್ಲಿ 15 ಜನ. ಅವರನ್ನು ತಯಾರು ಮಾಡುವ ಖರ್ಚನ್ನು ಊರಿನ ಒಬ್ಬ ಸ್ಥಿತಿವಂತ ಹೊರಬೇಕಿತ್ತು. ನಮ್ಮ ಹಬ್ಬದ ನಾಟಕಕ್ಕೆ ಗೌಡರ ಮನೆಯವರು ಸೀನರಿಯ ಬಾಡಿಗೆ ಕೊಡುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಹೆಂಗಸರಿಗೆ ಮಾತ್ರ ಆ ರಂಗದ ಮೇಲೆ ಜಾಗವಿರಲಿಲ್ಲ. ಆ ಕೊರತೆ ತುಂಬುವುದು ನಮಗೆ ಬಿಟ್ಟ ಕೆಲಸ.

ಪ್ರಶ್ನೆ: ಹೊರದೇಶದ ನಾಟಕ ಕನ್ನಡಕ್ಕೆ ಒಗ್ಗುತ್ತದೆಯೇ?

ಒಗ್ಗಿ ನೂರು ವರ್ಷಕ್ಕೂ ಮೇಲಾಯಿತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ‘ಮ್ಯಾಕ್‌ಬೆತ್’ ಕನ್ನಡದಲ್ಲಿ ‘ಪ್ರತಾಪರುದ್ರದೇವ’ ಆಗಿತ್ತು. ಕುವೆಂಪು ‘ಹ್ಯಾಮ್ಲೆಟ್’ನ ಕಥೆಯನ್ನು ಬಿದನೂರಿನ ನೆಲಕ್ಕೆ ತಂದು ‘ರಕ್ತಾಕ್ಷಿ’ ಬರೆದರು. ಲಂಕೇಶರು ಸೊಫೊಕ್ಲಿಸ್‌ನ ‘ಈಡಿಪಸ್’, ‘ಅಂತಿಗೊನೆ’ ಎರಡನ್ನೂ ಕನ್ನಡಕ್ಕೆ ತಂದರು. 1972ರಲ್ಲಿ ಬಿ. ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಲ್ಲಿ ‘ಈಡಿಪಸ್’ ಆಡಿಸಿದ್ದನ್ನು ಕಂಡ ಹಿರಿಯರು ಇವತ್ತಿಗೂ ಅದರ ಮಾತಾಡುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’. 1920ರ ದಶಕದ ಕೊನೆಯಲ್ಲಿ ಬಂದ ನಾಟಕ. ಸೊಫೊಕ್ಲಿಸ್‌ನ ‘ಅಜಾಕ್ಸ್’ನಲ್ಲಿ ಟ್ರಾಯ್ ಯುದ್ಧದ ವೀರನೊಬ್ಬ ಅವಮಾನದಿಂದ ಬುದ್ಧಿ ಕಳೆದುಕೊಂಡು, ಶತ್ರುಗಳೆಂದು ಭಾವಿಸಿ ದನಕುರಿಗಳನ್ನು ಕಡಿಯುತ್ತಾನೆ. ಎಚ್ಚರವಾದ ಮೇಲೆ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಆ ಪಾಡನ್ನು ಬಿಎಂಶ್ರೀ ಮಹಾಭಾರತದ ಅಶ್ವತ್ಥಾಮನಿಗೆ ತಂದರು. ಚಿರಂಜೀವಿ ಎಂದು ನಾವು ನಂಬಿದ ಅಶ್ವತ್ಥಾಮ ಅಲ್ಲಿ ಸಾಯುತ್ತಾನೆ! ಪುರಾಣಕ್ಕೆ ಹೀಗೆ ಮಾಡಬಹುದೇ ಎಂದು ಪಂಡಿತರು ವಾದ ಮಾಡಿದರು. ಎರಡು ನಾಗರಿಕತೆಗಳು ನಿಜವಾಗಿ ಎದುರಾದರೆ ಎರಡರಲ್ಲೂ ಏನೋ ಒಂದು ಅಲುಗಾಡಲೇಬೇಕು ಎಂಬುದನ್ನು ನಾನು ಕಲಿತದ್ದು ಅಲ್ಲಿಂದ. ವೇಷ ಮಾತ್ರ ಬದಲಾಯಿಸಿ ಪಂಚೆ ಉಡಿಸಿದ ಶೇಕ್ಸ್‌ಪಿಯರ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಕೆಲಸ ಎಲ್ಲೆಲ್ಲಿ ನಡೆದಿದೆ?

ಮೊದಲ ಹೆಸರು ಹೆಗ್ಗೋಡಿನದು. ಸಾಗರ ತಾಲ್ಲೂಕಿನ ಆ ಅಡಿಕೆ ತೋಟದ ಊರಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಮ್, ಕೆ. ವಿ. ಸುಬ್ಬಣ್ಣನವರ ದುಡಿಮೆಯಿಂದ ಬೆಳೆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’. ಒಂದು ತಂಡ ಪ್ರತಿವರ್ಷ ಹೊಸ ನಾಟಕ ಕಟ್ಟಿಕೊಂಡು, ಬೆಳಕು, ಬಟ್ಟೆ, ಪೆಟ್ಟಿಗೆಗಳನ್ನೆಲ್ಲ ವಾಹನಕ್ಕೆ ಹೇರಿಕೊಂಡು ರಾಜ್ಯ ಸುತ್ತುತ್ತದೆ. ನಮ್ಮೂರಿನ ಶಾಲೆಯ ಬಯಲಿಗೆ ಶೇಕ್ಸ್‌ಪಿಯರ್ ಮೊದಲು ಬಂದದ್ದು ಆ ಗಾಡಿಯಲ್ಲೇ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸಮುದಾಯದ ಮಾತು ಬಂದರೆ ಸಿದ್ದಿಯರನ್ನು ನೆನೆಯಬೇಕು. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು, ಉತ್ತರ ಕನ್ನಡದ ಕಾಡಂಚಿನಲ್ಲಿ ನೆಲೆಸಿದವರು, ಮನೆಮಾತು ಕೊಂಕಣಿ. ನೈಜೀರಿಯಾದ ಚಿನುವಾ ಅಚಿಬೆಯವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ ಕನ್ನಡ ರಂಗರೂಪವನ್ನು 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಯರ ಕೈಲಿ ಆಡಿಸಿದರು. ಆಫ್ರಿಕಾ ಬಿಟ್ಟು ಎಷ್ಟೋ ತಲೆಮಾರು ಕಳೆದವರು ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದರು. ಅದು ಕಾದಂಬರಿ, ನಾಟಕವಲ್ಲ ಎಂದು ನೀವು ಹೇಳಬಹುದು. ಆದರೆ ‘ಯಾರ ಕಥೆ, ಯಾರ ಬಾಯಲ್ಲಿ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಮೈಸೂರಿನ ಕಾರಾಗೃಹದಲ್ಲಿ, ಅಲ್ಲಿನ ನಾಟಕ ಸಂಸ್ಥೆ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಗೆ ಕಲಿಸಿ ಆಡಿಸಿದ ‘ಮಾರನಾಯಕನ ದೃಷ್ಟಾಂತ’ ಇನ್ನೊಂದು. ಅದು ಎಚ್. ಎಸ್. ಶಿವಪ್ರಕಾಶರು ‘ಮ್ಯಾಕ್‌ಬೆತ್’ನಿಂದ ಕಟ್ಟಿದ ನಾಟಕ. ಕೊಲೆಯ ಮೇಲೆ ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರು ಆಡುತ್ತಾರೆ ಎಂದರೆ ಆ ಮಾತುಗಳ ತೂಕ ಎಷ್ಟಿರಬೇಕು.

ಪ್ರಶ್ನೆ: ಹೊರದೇಶಗಳಲ್ಲಿ?

ಬೇಕಾದಷ್ಟಿವೆ, ಎರಡು ಮೂರು ಹೇಳುತ್ತೇನೆ. 2014ರಲ್ಲಿ ಜೋರ್ಡನ್‌ನ ಜಾತರಿ ನಿರಾಶ್ರಿತರ ಶಿಬಿರದಲ್ಲಿ ಸಿರಿಯಾದ ನಟ ನವಾರ್ ಬುಲ್ಬುಲ್ ಸುಮಾರು ನೂರು ಮಕ್ಕಳನ್ನು ಸೇರಿಸಿ ‘ಕಿಂಗ್ ಲಿಯರ್’ ಆಡಿಸಿದರು. ಮನೆಯಿಂದ ಹೊರಗಟ್ಟಿಸಿಕೊಂಡ ಮುದುಕನ ಕಥೆಯನ್ನು ದೇಶ ಬಿಟ್ಟು ಬಂದ ಮಕ್ಕಳು ಆಡಿದರು. 2012ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರ ಶೇಕ್ಸ್‌ಪಿಯರ್‌ನ 37 ನಾಟಕಗಳನ್ನು 37 ಭಾಷೆಗಳಲ್ಲಿ ಆಡಿಸಿತು. ಹಿಂದಿ, ಗುಜರಾತಿ, ಬಂಗಾಳಿ, ಉರ್ದು ಇದ್ದವು. ಕನ್ನಡ ಇರಲಿಲ್ಲ ಎಂಬ ಕೊರಗು ನನಗಿದೆ.

ಮೂರನೆಯದಕ್ಕೂ ಬಿಎಂಶ್ರೀಯವರಿಗೂ ಒಂದು ನಂಟಿದೆ. 2008ರಲ್ಲಿ ಅಮೆರಿಕದ ಬ್ರಯನ್ ಡೋರೀಸ್, ಇದೇ ‘ಅಜಾಕ್ಸ್’ ನಾಟಕದ ಭಾಗಗಳನ್ನು ಸ್ಯಾನ್ ಡಿಯಾಗೊದಲ್ಲಿ ಸುಮಾರು 400 ಸೈನಿಕರು ಮತ್ತು ಅವರ ಮನೆಯವರ ಮುಂದೆ ನಟರಿಂದ ಓದಿಸಿದರು. ಸೆಟ್ ಇಲ್ಲ, ವೇಷವಿಲ್ಲ, ಮೇಜು ಮತ್ತು ಮೈಕು ಅಷ್ಟೇ. ಆಮೇಲಿನ ಮಾತುಕತೆಗೆ 45 ನಿಮಿಷ ಇಟ್ಟುಕೊಂಡಿದ್ದರು. ಅದು ಮೂರು ಗಂಟೆಗೂ ಮೀರಿ ನಡೆಯಿತು. ಇರಾಕ್, ಅಫ್ಘಾನಿಸ್ತಾನದಿಂದ ಮರಳಿದವರು ಮನೆಯಲ್ಲಿ ಆಡಲಾಗದ ಮಾತನ್ನು ಅಜಾಕ್ಸ್‌ನ ನೆಪದಲ್ಲಿ ಆಡಿದರು. ಸೊಫೊಕ್ಲಿಸ್ ತಾನೂ ದಂಡನಾಯಕನಾಗಿದ್ದವನು, ಅವನ ಮುಂದೆ ಕೂತಿದ್ದವರಲ್ಲೂ ಯುದ್ಧ ಕಂಡವರೇ ಬಹಳ. ಇದನ್ನು ಓದಿದ ಮೇಲೆ ನಾವು ನಮ್ಮ ಪಕ್ಕದ ಹಳ್ಳಿಯ ನಿವೃತ್ತ ಸೈನಿಕರನ್ನು ಕರೆದು ‘ಅಶ್ವತ್ಥಾಮನ್’ ಓದಿದೆವು. ಭಾಷೆ ಗಡುಸು. ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, ‘ಊರಿಗೆ ಬಂದು ಆರು ತಿಂಗಳು ನಾನು ಮಂಚದ ಮೇಲೆ ಮಲಗಲಿಲ್ಲ, ನೆಲದ ಮೇಲೇ’ ಎಂದು ಶುರು ಮಾಡಿದರು. ಅವರ ಹೆಂಡತಿಗೂ ಅದರ ಕಾರಣ ತಿಳಿದದ್ದು ಅವತ್ತೇ.

ಪ್ರಶ್ನೆ: ಯಾವ ನಾಟಕ ಆರಿಸಿಕೊಳ್ಳಬೇಕು?

ನಿಮ್ಮೂರಿನ ಗಂಟಲಲ್ಲಿ ಯಾವ ಮಾತು ಸಿಕ್ಕಿಕೊಂಡಿದೆಯೋ ಆ ನಾಟಕ.

ನಾವು ‘ಅಂತಿಗೊನೆ’ ಎತ್ತಿಕೊಂಡದ್ದು ಕೋವಿಡ್ ಆದ ಮೇಲೆ. ಅಣ್ಣ ತಮ್ಮಂದಿರು ಹೊಡೆದಾಡಿ ಸತ್ತಿದ್ದಾರೆ. ಒಬ್ಬನಿಗೆ ಮರ್ಯಾದೆಯ ಸಂಸ್ಕಾರ, ಇನ್ನೊಬ್ಬನ ಹೆಣಕ್ಕೆ ಮಣ್ಣು ಹಾಕಕೂಡದೆಂದು ದೊರೆಯ ಆಜ್ಞೆ. ತಂಗಿ ಅಂತಿಗೊನೆ ಆಜ್ಞೆ ಮೀರಿ ಮಣ್ಣು ಹಾಕುತ್ತಾಳೆ. 2021ರ ಬೇಸಿಗೆಯಲ್ಲಿ ತಮ್ಮವರ ಮುಖ ಕಡೆಯ ಸಲ ನೋಡಲಾಗದೆ ಉಳಿದವರು ನಮ್ಮ ತಂಡದಲ್ಲೇ ಮೂವರಿದ್ದರು. ಅವರಿಗೆ ಕಥೆ ವಿವರಿಸುವ ಅಗತ್ಯ ಬೀಳಲಿಲ್ಲ.

ಆ ನಾಟಕದಲ್ಲಿ ಒಬ್ಬ ಕಾವಲುಗಾರ ಬರುತ್ತಾನೆ. ಹೆಣದ ಮೇಲೆ ಯಾರೋ ಒಣಮಣ್ಣು ಉದುರಿಸಿದ್ದಾರೆ ಎಂಬ ಸುದ್ದಿಯನ್ನು ದೊರೆಗೆ ಮುಟ್ಟಿಸುವವನು. ಜೀವಭಯದಿಂದ ಮಾತು ಎಳೆದಾಡುತ್ತಾನೆ, ಜನ ನಗುತ್ತಾರೆ. ನಾನೂ ಹಾಗೇ ನಗು ಬರುವಂತೆ ಹೇಳಿಕೊಟ್ಟಿದ್ದೆ. ಆ ಪಾತ್ರ ಮಾಡುತ್ತಿದ್ದವರು ಪುರಸಭೆಯ ಪೌರಕಾರ್ಮಿಕರೊಬ್ಬರು. ಕೋವಿಡ್‌ನಲ್ಲಿ ಪಿಪಿಇ ಕಿಟ್ ಹಾಕಿಕೊಂಡು ಹೆಣಗಳನ್ನು ಗುಂಡಿಗಿಳಿಸಿದವರು. ಹತ್ತು ದಿನ ನಾನು ಹೇಳಿದ ಹಾಗೆ ಮಾಡಿದರು. ಹನ್ನೊಂದನೇ ದಿನ ಮಾತು ನಿಲ್ಲಿಸಿ ಅಂಗೈ ನೋಡಿಕೊಂಡು, ‘ಮಣ್ ಕಂಡೋನು ಇಂಗೆ ಕುಣ್ಕಂಡ್ ಮಾತಾಡಕಿಲ್ಲ ಮೇಷ್ಟ್ರೇ. ಅವನ್ಗೆ ಮಾತೇ ಬರಕಿಲ್ಲ’ ಎಂದರು. ಅವತ್ತಿನಿಂದ ಆ ದೃಶ್ಯವನ್ನು ಅವರಿಗೇ ಬಿಟ್ಟೆ. ಪ್ರದರ್ಶನದ ದಿನ ಮೊದಲೆರಡು ಮಾತಿಗೆ ಜನ ನಕ್ಕರು. ಮಣ್ಣಿನ ಮಾತು ಬರುವ ಹೊತ್ತಿಗೆ ಜನರೇಟರ್ ಸದ್ದೊಂದೇ ಕೇಳುತ್ತಿತ್ತು.

ಪ್ರಶ್ನೆ: ಭಾಷೆಯನ್ನು ಸುಲಭ ಮಾಡಿಕೊಳ್ಳಬೇಕೇ?

ಕತ್ತರಿಸಿ, ಆದರೆ ನೀರು ಮಾಡಬೇಡಿ. ಉದ್ದದ ಭಾಷಣಗಳನ್ನು, ನಮಗೆ ಗೊತ್ತಿಲ್ಲದ ದೇವತೆಗಳ ಪಟ್ಟಿಯನ್ನು ಧಾರಾಳವಾಗಿ ಇಳಿಸಬಹುದು. ಉಳಿದದ್ದನ್ನು ಇದ್ದ ಹಾಗೇ ಬಾಯಿಪಾಠ ಮಾಡಿಸಿ. ಮೊದಲ ಮೂರು ವಾರ ನಾವು ಎದ್ದು ನಿಲ್ಲುವುದೇ ಇಲ್ಲ, ಚಾಪೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತೇವೆ. ಅಕ್ಷರ ಬಾರದವರಿಗೆ ಪಕ್ಕದವರು ಹೇಳಿಕೊಡುತ್ತಾರೆ. ಅವರಿಗೇ ಎಲ್ಲರಿಗಿಂತ ಮೊದಲು ಮಾತು ಬಾಯಿಗೆ ಬರುತ್ತದೆ ಎಂಬುದನ್ನು ಪ್ರತಿವರ್ಷ ನೋಡಿದ್ದೇನೆ. ದೊರೆಯ ಮಾತು ಗ್ರಾಂಥಿಕವಾಗಿರಲಿ, ಕಾವಲುಗಾರನದು ಊರಿನ ಮಾತಾಗಿರಲಿ. ಒಂದೇ ನಾಟಕದಲ್ಲಿ ಎರಡೂ ಇದ್ದರೆ ಚೆನ್ನ.

ಪ್ರಶ್ನೆ: ಬೇರೆ ಭಾಷೆಯವರು ನಮ್ಮೂರಲ್ಲಿ ಕೆಲಸಕ್ಕೆ ಬಂದಿದ್ದಾರೆ. ಅವರನ್ನು ಸೇರಿಸಿಕೊಳ್ಳಬಹುದೇ?

ಖಂಡಿತ ಸೇರಿಸಿಕೊಳ್ಳಿ. ಇದಕ್ಕೆ ‘ಮೃಚ್ಛಕಟಿಕ’ದಷ್ಟು ಒದಗುವ ನಾಟಕ ಇನ್ನೊಂದಿಲ್ಲ. ಶೂದ್ರಕನ ಮೂಲದಲ್ಲೇ ಪಾತ್ರಕ್ಕೊಂದು ಮಾತು: ಕೆಲವರದು ಸಂಸ್ಕೃತ, ಉಳಿದವರದು ಬಗೆಬಗೆಯ ಪ್ರಾಕೃತ. ಬೇರೆ ಬೇರೆ ಭಾಷೆಯ ಜನ ಒಂದೇ ಬೀದಿಯಲ್ಲಿ ಬದುಕುವುದೇ ಅದರ ಜೀವ.

ಅದರ ಮೂರನೇ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಗೋಡೆ ಎಲ್ಲಿ ನೀರು ಕುಡಿದು ಸಡಿಲಾಗಿದೆ ಎಂದು ನೋಡುತ್ತಾನೆ. ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು ಎಂದು ಶಾಸ್ತ್ರ ಹೇಳುತ್ತಾನೆ. ಕನ್ನದ ಆಕಾರ ಕಮಲದ್ದಿರಲೋ ಅರ್ಧಚಂದ್ರನದ್ದಿರಲೋ ಎಂದು ಯೋಚಿಸುತ್ತಾನೆ, ಅಳತೆಗೆ ತನ್ನ ಜನಿವಾರವನ್ನೇ ಬಳಸುತ್ತಾನೆ. ನಮ್ಮಲ್ಲಿ ಆ ಪಾತ್ರ ಮಾಡಿದ್ದು ಬಿಹಾರದಿಂದ ಗಾರೆ ಕೆಲಸಕ್ಕೆ ಬಂದ ಹುಡುಗ. ಬರಿಗೋಡೆಯ ಮುಂದೆ ನಿಂತು ಬೆರಳ ಗೆಣ್ಣಿನಿಂದ ಮೇಲಿಂದ ಕೆಳಕ್ಕೆ ತಟ್ಟುತ್ತ ಬಂದ. ಒಂದು ಕಡೆ ನಿಂತ, ಕಿವಿ ಇಟ್ಟ, ಮತ್ತೆ ತಟ್ಟಿದ. ಮಾತು ಭೋಜಪುರಿ. ಯಾರಿಗೂ ಅನುವಾದ ಬೇಕಾಗಲಿಲ್ಲ. ಮುಂದಿನ ಸಾಲಲ್ಲಿ ಕೂತಿದ್ದ ನಮ್ಮೂರಿನ ಮೇಸ್ತ್ರಿಗಳು ತಲೆದೂಗುತ್ತಿದ್ದರು.

ಒಂದು ಎಚ್ಚರ. ಹೊರಗಿನವರನ್ನು ಬಣ್ಣಕ್ಕಾಗಿ, ವೈವಿಧ್ಯ ತೋರಿಸುವುದಕ್ಕಾಗಿ ನಿಲ್ಲಿಸಬೇಡಿ. ಇಂಗ್ಲೆಂಡಿನ ನಿರ್ದೇಶಕ ಪೀಟರ್ ಬ್ರೂಕ್ 1985ರಲ್ಲಿ ಫ್ರಾನ್ಸಿನಲ್ಲಿ ಹಲವು ದೇಶಗಳ ನಟರೊಂದಿಗೆ ಒಂಬತ್ತು ಗಂಟೆಯ ‘ಮಹಾಭಾರತ’ ಆಡಿಸಿದಾಗ ಜಗತ್ತು ಬೆರಗಾಯಿತು. ಆದರೆ ಆ ಕಥೆಯನ್ನು ಅದರ ನೆಲದಿಂದ ಕಿತ್ತುಕೊಂಡರು ಎಂದು ನಮ್ಮ ದೇಶದ ರಂಗವಿಮರ್ಶಕ ರುಸ್ತುಂ ಭರೂಚಾ ಗಟ್ಟಿಯಾಗಿ ಆಕ್ಷೇಪಿಸಿದರು. ಅವರೇ ಮುಂದೆ ಮೈಸೂರಿಗೆ ಬಂದು, ಇಬ್ಸೆನ್ನನ ‘ಪೀರ್ ಗಿಂಟ್’ ಅನ್ನು ರಂಗಾಯಣದ ನಟರೊಂದಿಗೆ ‘ಗುಂಡೇಗೌಡನ ಚರಿತ್ರೆ’ಯಾಗಿ ಕಟ್ಟಿದರು. ಆಕ್ಷೇಪಿಸಿದವರು ತಾವೇ ಆ ಕಷ್ಟಕ್ಕೆ ಇಳಿದದ್ದು ನನಗೆ ಬಹಳ ಗೌರವದ ವಿಷಯ.

ಪ್ರಶ್ನೆ: ಹೆಣ್ಣುಮಕ್ಕಳು ಬರುತ್ತಾರೆಯೇ?

ಹಳ್ಳಿಯ ಪೌರಾಣಿಕ ನಾಟಕಕ್ಕೆ ಸ್ತ್ರೀಪಾತ್ರದವರನ್ನು ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸುವುದೇ ರೂಢಿ. ಊರಿನ ಹೆಂಗಸರು ಬರುವುದಿಲ್ಲ ಎಂದು ನಮಗೂ ಹೇಳಿದ್ದರು. ಬಂದರು. ಆದರೆ ತಾಲೀಮು ಸಂಜೆ ಆರಕ್ಕೆ ಶುರುವಾಗಿ ಎಂಟಕ್ಕೆ ಮುಗಿಯಬೇಕು, ಮಕ್ಕಳನ್ನು ಜೊತೆಗೆ ಕರೆತರಲು ಬಿಡಬೇಕು, ಮನೆ ತಲುಪಿಸುವ ಜವಾಬ್ದಾರಿ ತಂಡದ್ದಾಗಬೇಕು. ಪಾತ್ರ ಹಂಚುವ ಮೊದಲು ನಾನೇ ಮನೆಮನೆಗೆ ಹೋಗಿ ಅತ್ತೆಯವರ ಹತ್ತಿರ ಕಥೆ ಹೇಳುತ್ತೇನೆ. ಒಬ್ಬ ಅತ್ತೆಯವರು ಕಥೆ ಕೇಳಿ ಮುಗಿಸಿ, ‘ನಂಗೂ ಒಂದು ಪಾರ್ಟು ಕೊಡಿ’ ಎಂದರು. ‘ಅಂತಿಗೊನೆ’ಯ ಕಣ್ಣು ಕಾಣದ ಕಾಲಜ್ಞಾನಿ ಟೈರೀಸಿಯಸ್ ಪಾತ್ರ ಅವರದೇ ಆಯಿತು.

ಪ್ರಶ್ನೆ: ಜಾತಿ ಅಡ್ಡ ಬರುವುದಿಲ್ಲವೇ?

ಬರುತ್ತದೆ. ಇದನ್ನು ಮುಚ್ಚಿಟ್ಟು ಯಾರಿಗೂ ಉಪಕಾರವಿಲ್ಲ. ಒಂದು ವರ್ಷ ಪಾತ್ರ ಹಂಚಿಕೆ ಗೊತ್ತಾದ ಮೇಲೆ, ಮಾತು ಕೊಟ್ಟಿದ್ದ ಸಭಾಂಗಣದ ಬೀಗದ ಕೈ ನಮಗೆ ಸಿಗಲಿಲ್ಲ. ‘ರಿಪೇರಿ ಇದೆ’ ಎಂದರು. ಅದೇ ವಾರ ಅಲ್ಲಿ ಮದುವೆ ನಡೆಯಿತು. ನಾವು ಬಸ್ ನಿಲ್ದಾಣದ ಹಿಂದಿನ ಬಯಲಲ್ಲಿ ಆಡಿದೆವು. ಇಬ್ಬರು ಹುಡುಗರನ್ನು ಮನೆಯವರು ಬಿಡಿಸಿಕೊಂಡು ಹೋದರು. ಅವರಲ್ಲೊಬ್ಬ ಮುಂದಿನ ವರ್ಷ ತಾನಾಗಿ ಬಂದ. ತಾಲೀಮಿನ ಮೊದಲ ದಿನವೇ ಎಲ್ಲರೂ ಸೇರಿ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಊಟ ಮಾಡುವುದು ನಮ್ಮ ನಿಯಮ. ಅದಕ್ಕೆ ಒಪ್ಪದವರನ್ನು ಎಷ್ಟೇ ಒಳ್ಳೆಯ ನಟರಾದರೂ ಸೇರಿಸಿಕೊಳ್ಳುವುದಿಲ್ಲ.

ಪ್ರಶ್ನೆ: ತಾಲೀಮು ಎಷ್ಟು ದಿನ? ಖರ್ಚು?

ಎರಡೂವರೆಯಿಂದ ಮೂರು ತಿಂಗಳು. ಭತ್ತದ ಕಟಾವು ಮುಗಿದ ಮೇಲೆ ಶುರು ಮಾಡಿ, ಪಿಯುಸಿ ಪರೀಕ್ಷೆಗೆ ಮೊದಲು ಆಡಿಬಿಡುತ್ತೇವೆ. ದುಡ್ಡು ಹೋಗುವುದು ಲೈಟು, ಸೌಂಡು, ಶಾಮಿಯಾನ ಮತ್ತು ಊಟಕ್ಕೆ. ಬಟ್ಟೆ ಮನೆಮನೆಯ ಹಳೇ ಸೀರೆಗಳಿಂದ ಆಗುತ್ತದೆ. ಹಳ್ಳಿ ನಾಟಕದಲ್ಲಿ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಯೇ ಹಣ ಕೊಡುವ ಪದ್ಧತಿ ಇದೆಯಲ್ಲ, ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ನಾವು ಅದನ್ನು ಬಿಟ್ಟಿದ್ದೇವೆ, ದೊರೆಯ ಪಾತ್ರ ದುಡ್ಡಿದ್ದವರಿಗೇ ಮೀಸಲಾಗಿಬಿಡುತ್ತದೆ. ಕೈಲಾದಷ್ಟು ಎಲ್ಲರೂ ಹಾಕುತ್ತೇವೆ. ಲೆಕ್ಕವನ್ನು ಶಾಲೆಯ ಬೋರ್ಡಿನ ಮೇಲೆ ಬರೆಯುತ್ತೇವೆ.

ಪ್ರಶ್ನೆ: ಅನುಮತಿ ಯಾರಿಂದ ಪಡೆಯಬೇಕು?

ಸೊಫೊಕ್ಲಿಸ್, ಶೂದ್ರಕ, ಶೇಕ್ಸ್‌ಪಿಯರ್ ಎಲ್ಲರಿಗೂ ಸೇರಿದವರು. ಅವರ ಕನ್ನಡ ಅನುವಾದ ಹಾಗಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಬಿಎಂಶ್ರೀ 1946ರಲ್ಲಿ ತೀರಿಕೊಂಡರು, ಹಾಗಾಗಿ ಅವರ ನಾಟಕ ಮುಕ್ತ. ಕುವೆಂಪು 1994ರಲ್ಲಿ, ಲಂಕೇಶ್ 2000ದಲ್ಲಿ ಹೋದವರು, ಅವರ ಕೃತಿಗಳಿಗೆ ಹಕ್ಕುದಾರರಿಂದ ಬರವಣಿಗೆಯಲ್ಲೇ ಒಪ್ಪಿಗೆ ಪಡೆಯಿರಿ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು. ರಾತ್ರಿ ಹತ್ತರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಆದ್ದರಿಂದ ಏಳಕ್ಕೇ ಶುರು ಮಾಡಿ.

ಪ್ರಶ್ನೆ: ಅಮೆರಿಕದಲ್ಲಿ ನಮ್ಮದೊಂದು ಕನ್ನಡ ಕೂಟ ಇದೆ. ನಾವೂ ಮಾಡಬಹುದೇ?

ಮಾಡಿ. ಆದರೆ ಪ್ರೇಕ್ಷಕರೂ ನೀವೇ, ನಟರೂ ನೀವೇ ಆಗಬೇಡಿ. ಪಕ್ಕದ ಮನೆಯ ಮೆಕ್ಸಿಕೋದವರನ್ನೋ ಇಥಿಯೋಪಿಯಾದವರನ್ನೋ ಮೇಳಕ್ಕೆ ಕರೆಯಿರಿ. ಅಲ್ಲೇ ಹುಟ್ಟಿದ ನಿಮ್ಮ ಮಕ್ಕಳಿಗೆ ಕನ್ನಡ ಕಲಿಸಲು ಮೂರು ತಿಂಗಳ ತಾಲೀಮಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಪ್ರಶ್ನೆ: ಶುರು ಹೇಗೆ ಮಾಡಲಿ?

ಒಂದು ಭಾನುವಾರ ಸಂಜೆ ಹತ್ತು ಜನರನ್ನು ಕರೆಯಿರಿ. ಅದರಲ್ಲಿ ಅರ್ಧದಷ್ಟಾದರೂ ಈವರೆಗೆ ನಿಮ್ಮ ಮನೆಯೊಳಗೆ ಬಾರದವರಿರಲಿ. ‘ಅಂತಿಗೊನೆ’ಯ ಐದಾರು ಜೆರಾಕ್ಸ್ ಪ್ರತಿ ಸಾಕು, ಇಬ್ಬರಿಗೊಂದರಂತೆ ಹಿಡಿದುಕೊಳ್ಳುತ್ತಾರೆ. ಪಾತ್ರ ಹಂಚಬೇಡಿ, ಸುತ್ತು ಹಾಕಿ ಕೂತು ಒಬ್ಬರಾದ ಮೇಲೆ ಒಬ್ಬರು ಓದಿ. ನಡುವೆ ಟೀ, ಮಂಡಕ್ಕಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಮುಗಿದ ಕೂಡಲೇ ನೀವು ಮಾತಾಡಬೇಡಿ, ಸುಮ್ಮನೆ ಕೂತಿರಿ. ಯಾರೋ ಒಬ್ಬರು ಬಾಯಿ ತೆರೆಯುತ್ತಾರೆ.